ಎರಡು ಸಲ ಕಟ್ಟಿದ ಬಿಲ್ಲು, ಅದನ್ನು ವಾಪಸ್ ತರುವ ಕೆಲಸ

ನೌಕರಿ ಜಾಲತಾಣಗಳಲ್ಲಿ ‘ಕಾಸ್ಟ್ ರಿಕವರಿ ಅನಲಿಸ್ಟ್, ಬೆಂಗಳೂರು’ ಎಂಬ ಹುದ್ದೆ ಕಂಡರೆ ಬಿ.ಕಾಂ. ಮುಗಿಸಿದ ಹುಡುಗ ಹುಡುಗಿಯರು ಬಹುಮಟ್ಟಿಗೆ ಓದದೆ ಮುಂದೆ ಹೋಗುತ್ತಾರೆ. ಬೈಕ್ ಸಾಲದ ಕಂತು ಕಟ್ಟದವರಿಗೆ ಫೋನ್ ಮಾಡಿ ಗದರಿಸುವ ಕೆಲಸ ಇರಬೇಕು ಎಂಬ ಅನುಮಾನ. ಈ ಹುದ್ದೆಗೂ ಸಾಲಕ್ಕೂ ಸಂಬಂಧವೇ ಇಲ್ಲ. ಕಂಪನಿ ತನ್ನ ಸರಬರಾಜುದಾರರಿಗೆ ಕೈತಪ್ಪಿ ಹೆಚ್ಚಿಗೆ ಕೊಟ್ಟ ಹಣ, ಕೇಳಲು ಮರೆತ ರಿಯಾಯಿತಿ, ಹೊಂದಾಣಿಕೆಯಾಗದೆ ಉಳಿದ ಮುಂಗಡ, ಇವನ್ನೆಲ್ಲ ಹಳೆಯ ಲೆಕ್ಕಪತ್ರದಿಂದ ಹೆಕ್ಕಿ, ದಾಖಲೆ ಸಮೇತ ಕೇಳಿ, ವಾಪಸ್ ತರುವುದು ಇಲ್ಲಿನ ಕೆಲಸ. ಫೋನಿನ ಆ ಕಡೆ ಇರುವವರು ಇನ್ನೊಂದು ಕಂಪನಿಯ ಅಕೌಂಟ್ಸ್ ವಿಭಾಗದವರು, ನಿಮ್ಮಂತೆಯೇ ತಿಂಗಳ ಕೊನೆಯ ಲೆಕ್ಕ ಮುಗಿಸುವ ಧಾವಂತದಲ್ಲಿ ಇರುವವರು.

ಟಾರ್ಗೆಟ್, ಲೋವ್ಸ್, ಟೆಸ್ಕೊ, ವಾಲ್‌ಮಾರ್ಟ್‌ನಂಥ ವಿದೇಶಿ ಚಿಲ್ಲರೆ ಮಾರಾಟ ಕಂಪನಿಗಳಿಗೆ ಬೆಂಗಳೂರಿನಲ್ಲಿ ದೊಡ್ಡ ಕಚೇರಿಗಳಿವೆ. ಇಂಥ ಕೇಂದ್ರಗಳಲ್ಲಿ ಬಿಲ್ ಪಾವತಿಯ ಕೆಲಸ ಎಲ್ಲೆಲ್ಲಿ ನಡೆಯುತ್ತದೋ ಅಲ್ಲೆಲ್ಲ ಅದರ ಹಿಂದೆಯೇ ಈ ವಸೂಲಿ ಕೆಲಸವೂ ಹುಟ್ಟಿಕೊಳ್ಳುತ್ತದೆ. ಕೆಲವು ಕಂಪನಿಗಳು ತಮ್ಮದೇ ತಂಡ ಇಟ್ಟುಕೊಂಡಿರುತ್ತವೆ. ಇನ್ನು ಕೆಲವು ಇದನ್ನು ‘ರಿಕವರಿ ಆಡಿಟ್’ ಸಂಸ್ಥೆಗಳಿಗೆ ಒಪ್ಪಿಸುತ್ತವೆ. ಆ ಸಂಸ್ಥೆಗಳಿಗೆ ಸಾಮಾನ್ಯವಾಗಿ ನಿಗದಿ ಶುಲ್ಕ ಇರುವುದಿಲ್ಲ, ವಾಪಸ್ ಬಂದ ಹಣದಲ್ಲಿ ಪಾಲು ಇರುತ್ತದೆ. ನೀವು ಯಾವ ಕಡೆ ಸೇರುತ್ತೀರಿ ಎಂಬುದರ ಮೇಲೆ ಕೆಲಸದ ಸ್ವಭಾವವೇ ಬದಲಾಗುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ತಪ್ಪನ್ನು ಹುಡುಕುವ ಕೆಲಸದ ಬಹುಪಾಲನ್ನು ಈಗ ಸಾಫ್ಟ್‌ವೇರ್ ಮಾಡುತ್ತದೆ. ಎದುರಿನವರು ‘ಹೌದು, ಇದು ನಾವು ಕೊಡಬೇಕಾದ್ದು’ ಎಂದು ಒಪ್ಪುವಂಥ ಕಡತ ಕಟ್ಟುವುದು ಮನುಷ್ಯರಿಗೆ ಉಳಿದಿರುವ ಕೆಲಸ. ಸಂಬಳ ಬರುವುದು ಅದಕ್ಕೆ.

ಒಂದೇ ಬಿಲ್ಲು, ಎರಡು ಪಾವತಿ

ಎಲ್ಲರಿಗೂ ಮೊದಲು ಹೊಳೆಯುವ ತಪ್ಪು ಇದೇ. ಇಷ್ಟು ದೊಡ್ಡ ವ್ಯವಸ್ಥೆಯಲ್ಲಿ ಒಂದು ಬಿಲ್ಲು ಎರಡು ಸಲ ಹೇಗೆ ಪಾವತಿಯಾಗುತ್ತದೆ ಎಂದು ಹೊಸಬರು ಕೇಳುತ್ತಾರೆ. ಸರಕಿನ ಬಿಲ್ಲು ಅಷ್ಟು ಸುಲಭವಾಗಿ ಆಗುವುದಿಲ್ಲ. ಅಲ್ಲಿ ಖರೀದಿ ಆದೇಶ, ಸರಕು ಬಂದ ದಾಖಲೆ ಅಂದರೆ ಜಿಆರ್‌ಎನ್, ಮತ್ತು ಬಿಲ್ಲು, ಈ ಮೂರನ್ನೂ ತಾಳೆ ನೋಡುತ್ತಾರೆ. ನೂರು ಪೆಟ್ಟಿಗೆ ಬಂದು ನೂರಕ್ಕೂ ಬಿಲ್ ಆಗಿದ್ದರೆ ಎರಡನೆಯ ಬಿಲ್ಲಿಗೆ ಹೊಂದಿಸಲು ಜಿಆರ್‌ಎನ್ ಉಳಿದಿರುವುದಿಲ್ಲ, ಎಂಟ್ರಿ ಅಲ್ಲೇ ನಿಲ್ಲುತ್ತದೆ. ಆದ್ದರಿಂದ ಹುಡುಕಾಟ ಶುರುವಾಗಬೇಕಾದ್ದು ಖರೀದಿ ಆದೇಶವೇ ಇಲ್ಲದ ಬಿಲ್ಲುಗಳಲ್ಲಿ: ಜಾಹೀರಾತು, ಕೊರಿಯರ್, ಹೌಸ್‌ಕೀಪಿಂಗ್, ವಕೀಲರ ಶುಲ್ಕ, ಸೆಕ್ಯುರಿಟಿ, ಟ್ಯಾಕ್ಸಿ. ಇವಕ್ಕೆ ಯಾರೋ ಮ್ಯಾನೇಜರ್ ಇಮೇಲ್‌ನಲ್ಲಿ ‘ಅಪ್ರೂವ್ಡ್’ ಎಂದರೆ ಸಾಕು.

ಸ್ಯಾಪ್‌ನಂಥ ತಂತ್ರಾಂಶದಲ್ಲಿ ಒಂದೇ ಬಿಲ್ಲು ಮತ್ತೆ ಬಂದರೆ ಎಚ್ಚರಿಸುವ ಸೌಲಭ್ಯ ಇದೆ. ವೆಂಡರ್‌ನ, ಅಂದರೆ ಸರಬರಾಜುದಾರರ, ಮೂಲ ವಿವರದಲ್ಲಿ ಅದಕ್ಕೊಂದು ಟಿಕ್ ಹಾಕಿರಬೇಕು. ಆದರೆ ಅದು ಬಿಲ್ ಸಂಖ್ಯೆಯನ್ನು ಅಕ್ಷರಶಃ ಹೋಲಿಸುತ್ತದೆ. ಮೊದಲ ಸಲ ‘ಬಿಎಲ್‌ಆರ್/24-25/0456’ ಎಂದು, ಎರಡನೆಯ ಸಲ ಬರೀ ‘456’ ಎಂದು ಟೈಪ್ ಮಾಡಿದರೆ ಅದರ ಪಾಲಿಗೆ ಅವು ಎರಡು ಬಿಲ್ಲು. ಸೊನ್ನೆಯ ಜಾಗಕ್ಕೆ ಇಂಗ್ಲಿಷಿನ ಓ ಬಿದ್ದರೂ ಅಷ್ಟೇ. ಸರಬರಾಜುದಾರರು ಇಮೇಲ್‌ನಲ್ಲಿ ಪಿಡಿಎಫ್ ಕಳಿಸಿ, ವಾರದ ಮೇಲೆ ಕಾಗದದ ಪ್ರತಿಯನ್ನೂ ಕೊರಿಯರ್ ಮಾಡುತ್ತಾರೆ. ಎರಡನ್ನೂ ಬೇರೆ ಬೇರೆ ಜನ ನಮೂದಿಸುತ್ತಾರೆ. ಇಷ್ಟೇ ಸಾಕು.

ಬಿಲ್ ಸಂಖ್ಯೆಯ ವಿಷಯದಲ್ಲಿ ಜಿಎಸ್‌ಟಿ ನಿಯಮ ನಮಗೆ ಅನುಕೂಲ ಮಾಡಿಕೊಟ್ಟಿದೆ. ತೆರಿಗೆ ಬಿಲ್ಲಿನ ಸಂಖ್ಯೆ 16 ಅಕ್ಷರ ಮೀರುವಂತಿಲ್ಲ. ಅಕ್ಷರ, ಅಂಕಿ, ಅಡ್ಡಗೆರೆ ಮತ್ತು ಓರೆಗೆರೆ ಮಾತ್ರ ಇರಬಹುದು. ಒಂದು ಹಣಕಾಸು ವರ್ಷದಲ್ಲಿ ಮರುಕಳಿಸುವಂತಿಲ್ಲ. ಆದ್ದರಿಂದ ಗೆರೆ ಇರುವಲ್ಲಿ ತುಂಡು ಮಾಡಿ, ಕೊನೆಯ ತುಂಡಿನ ಮುಂದಿನ ಸೊನ್ನೆಗಳನ್ನು ತೆಗೆದು, ಉಳಿದ ಅಂಕಿಗಳನ್ನಷ್ಟೇ ಹೋಲಿಸಿದರೆ ಅಡಗಿದ ಜೋಡಿಗಳು ಹೊರಬೀಳುತ್ತವೆ. ವರ್ಷ ಬದಲಾದಾಗ ಅದೇ ಸಂಖ್ಯೆ ಮತ್ತೆ ಬರಬಹುದು ಎಂಬುದು ನೆನಪಿರಲಿ. ಬಿಲ್ಲಿನ ತಾರೀಕು ನೋಡದೆ ಕ್ಲೈಮ್ ಬರೆದರೆ ನಗೆಪಾಟಲು.

ಒಬ್ಬನೇ ಸರಬರಾಜುದಾರನಿಗೆ ಎರಡು ಮೂರು ವೆಂಡರ್ ಕೋಡ್ ಇರುವುದು ಇನ್ನೊಂದು ದಾರಿ. ‘ಶ್ರೀ’ ಸೇರಿಸಿ ಒಂದು, ಬಿಟ್ಟು ಒಂದು. ಹುಬ್ಬಳ್ಳಿ ಶಾಖೆಗೆ ಬೇರೆ, ಹೊಸೂರಿಗೆ ಬೇರೆ. ಹೆಸರು ನೋಡಿ ಹುಡುಕಿದರೆ ಸಿಕ್ಕುವುದಿಲ್ಲ. ಜಿಎಸ್‌ಟಿ ಸಂಖ್ಯೆ ನೋಡಬೇಕು. ಅದರ 15 ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ಮೂರರಿಂದ ಹನ್ನೆರಡನೆಯ ತನಕ ಇರುವುದು ಪ್ಯಾನ್. ಎಕ್ಸೆಲ್‌ನ ಮಿಡ್ ಫಾರ್ಮುಲಾದಿಂದ ಆ ಹತ್ತು ಅಕ್ಷರ ಕತ್ತರಿಸಿಕೊಂಡು ಗುಂಪು ಮಾಡಿದರೆ ರಾಜ್ಯ ರಾಜ್ಯದಲ್ಲಿ ಚದುರಿದ ಒಂದೇ ಮನೆತನ ಒಂದೆಡೆ ಸೇರುತ್ತದೆ.

ಭಾರತದ ಲೆಕ್ಕ ನೋಡುವವರಿಗೆ ನನ್ನ ಸಲಹೆ: ಮೊದಲು ಜಿಎಸ್‌ಟಿಆರ್-2ಬಿ ಕೇಳಿ ಪಡೆಯಿರಿ. ಸರಬರಾಜುದಾರರು ತಮ್ಮ ರಿಟರ್ನ್‌ನಲ್ಲಿ ಹಾಕಿದ ಬಿಲ್ಲುಗಳು ಕೊಳ್ಳುವವರಿಗೆ ಕಾಣುವ ಪಟ್ಟಿ ಅದು. ಅವರು ಬಿಲ್ಲನ್ನು ಹಾಕಿರುವುದು ಒಂದೇ ಸಲ. ನಿಮ್ಮ ಪುಸ್ತಕದಲ್ಲಿ ಎರಡು ಸಲ ಇದ್ದರೆ ಎರಡನೆಯದು ತಾಳೆಯಾಗದೆ ಉಳಿಯುತ್ತದೆ. ತೆರಿಗೆ ವಿಭಾಗದವರು ‘ಮಿಸ್‌ಮ್ಯಾಚ್’ ಎಂದು ಬದಿಗಿಡುವ ಆ ಪಟ್ಟಿಯಲ್ಲಿ ಜೋಡಿ ಪಾವತಿಗಳು ಕೂತಿರುತ್ತವೆ. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯವಾಗಿರುವುದರಿಂದ ಅವರ ಪ್ರತಿ ಬಿಲ್ಲಿಗೂ 64 ಅಕ್ಷರಗಳ ಗುರುತಿನ ಸಂಖ್ಯೆ, ಅಂದರೆ ಐಆರ್‌ಎನ್, ಇರುತ್ತದೆ. ಕಂಪನಿ ಅದನ್ನು ಎಂಟ್ರಿಯ ಹೊತ್ತಿಗೇ ದಾಖಲಿಸಿಕೊಂಡರೆ ಈ ಬಗೆಯ ಜೋಡಿ ಹುಟ್ಟುವುದೇ ಇಲ್ಲ. ದಾಖಲಿಸಿಕೊಳ್ಳದ ಕಂಪನಿಗಳು ಇನ್ನೂ ಸಾಕಷ್ಟಿವೆ.

ಎರಡು ಸಲ ಎಂಟ್ರಿಯಾದ ಬಿಲ್ಲಿನಲ್ಲಿ ತೆರಿಗೆ ಜಮಾ ಕೂಡ ಎರಡು ಸಲ ಪಡೆದಿದ್ದರೆ ಅದನ್ನು ತೆರಿಗೆ ವಿಭಾಗಕ್ಕೆ ಕೂಡಲೇ ತಿಳಿಸಿ. ಅದನ್ನು ಹಿಂದಿರುಗಿಸಬೇಕು; ಬಳಸಿಕೊಂಡಿದ್ದರೆ ವರ್ಷಕ್ಕೆ ಶೇ. 18ರ ಬಡ್ಡಿ ಬೀಳುತ್ತದೆ. ಹಣ ವಾಪಸ್ ತಂದ ಖುಷಿಯಲ್ಲಿ ಇದನ್ನು ಮರೆಯುವವರಿದ್ದಾರೆ.

ಕೇಳಿದರೆ ಸಿಗುವ ಹಣ

ವಿಶ್ಲೇಷಣೆ, ಫಾರ್ಮುಲಾ ಏನೂ ಬೇಡದ ಒಂದು ಮೂಲ ಇದೆ: ವೆಂಡರ್ ಸ್ಟೇಟ್‌ಮೆಂಟ್. ಸರಬರಾಜುದಾರರ ಲೆಡ್ಜರ್‌ನಲ್ಲಿ ನಿಮ್ಮ ಕಂಪನಿಯ ಹೆಸರಿಗೆ ಜಮಾ ಇದ್ದು, ಅದರ ಕ್ರೆಡಿಟ್ ನೋಟ್ ನಿಮಗೆ ತಲುಪಿರುವುದೇ ಇಲ್ಲ. ತಲುಪಿದ್ದರೂ ಯಾರದೋ ಇನ್‌ಬಾಕ್ಸ್‌ನಲ್ಲಿ ಸತ್ತಿರುತ್ತದೆ. ಕೇಳುವ ರೀತಿ ಮಾತ್ರ ಗೊತ್ತಿರಬೇಕು. ‘ಸ್ಟೇಟ್‌ಮೆಂಟ್ ಕಳಿಸಿ’ ಎಂದರೆ ಅವರು ಬಾಕಿ ಬಿಲ್ಲುಗಳ ಪಟ್ಟಿ ಕಳಿಸುತ್ತಾರೆ, ತಮಗೆ ಬರಬೇಕಾದ್ದಷ್ಟೇ ಅದರಲ್ಲಿ ಇರುತ್ತದೆ. ‘ಹೊಂದಾಣಿಕೆಯಾಗದ ಕ್ರೆಡಿಟ್ ನೋಟ್, ಮುಂಗಡ ಮತ್ತು ಹೆಚ್ಚುವರಿ ಪಾವತಿ ಸೇರಿದ ಪೂರ್ಣ ಲೆಡ್ಜರ್’ ಎಂದೇ ಬರೆದು ಕೇಳಬೇಕು. ಪೀಣ್ಯದ ಸಣ್ಣ ಕಾರ್ಖಾನೆಯವರಿಗಾದರೆ ಇಂಗ್ಲಿಷ್ ಇಮೇಲ್‌ಗಿಂತ ‘ಸಾರ್, ನಮ್ಮ ಲೆಡ್ಜರ್ ಒಂದ್ಸಲ ಪೂರ್ತಿ ತೆಗೆದು ಕಳಿಸ್ತೀರಾ, ನಮ್ದೇನಾದ್ರೂ ಜಮಾ ಇದ್ಯಾ ನೋಡ್ಕೊಳ್ತೀವಿ’ ಎಂಬ ಒಂದು ಫೋನ್ ಬೇಗ ಕೆಲಸ ಮಾಡುತ್ತದೆ. ಫೋನಿನಲ್ಲಿ ಆದ ಮಾತನ್ನು ಅದೇ ದಿನ ಮೇಲ್‌ನಲ್ಲಿ ಬರೆದು ಖಚಿತ ಮಾಡಿಕೊಳ್ಳುವುದನ್ನು ಬಿಡಬೇಡಿ.

ಒಪ್ಪಂದ ಓದುವ ಕಷ್ಟ

ಅನುಭವಿಗಳನ್ನು ಹೊಸಬರಿಂದ ಬೇರ್ಪಡಿಸುವ ಜಾಗ ಇದು. ಬಿಲ್ಲು ಸರಿ ಇದೆ, ಪಾವತಿಯೂ ಒಂದೇ ಸಲ ಆಗಿದೆ, ಆದರೂ ಹಣ ಸೋರಿದೆ. ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ಪ್ಯಾಕಿಂಗ್ ಸಾಮಗ್ರಿ ಕೊಡುವವರ ಜೊತೆಗಿನ ಒಪ್ಪಂದದಲ್ಲಿ ‘ವಾರ್ಷಿಕ ಖರೀದಿ 2 ಕೋಟಿ ದಾಟಿದರೆ ಶೇ. 2 ರಿಯಾಯಿತಿ’ ಎಂದಿದೆ. ವರ್ಷದ ಖರೀದಿ 2.6 ಕೋಟಿ ಆಗಿದೆ. ರಿಯಾಯಿತಿ ಇಡೀ ಖರೀದಿಗೆ ಎಂದಾದರೆ ಬರಬೇಕಾದ್ದು 5.2 ಲಕ್ಷ. 2 ಕೋಟಿಯ ಮೇಲಿನ ಭಾಗಕ್ಕೆ ಮಾತ್ರ ಎಂದಾದರೆ 1.2 ಲಕ್ಷ. ಒಂದು ವಾಕ್ಯದ ಅಸ್ಪಷ್ಟತೆಗೆ ನಾಲ್ಕು ಲಕ್ಷ ರೂಪಾಯಿ. ಆ ಖರೀದಿ ಮೊತ್ತ ಜಿಎಸ್‌ಟಿ ಸೇರಿಸಿಯೋ ಬಿಟ್ಟೋ, ವಾಪಸ್ ಕಳಿಸಿದ ಸರಕನ್ನು ಕಳೆದೋ ಕಳೆಯದೆಯೋ, ವರ್ಷ ಎಂದರೆ ಏಪ್ರಿಲ್‌ನಿಂದಲೋ ಒಪ್ಪಂದದ ದಿನದಿಂದಲೋ, ಇವೆಲ್ಲ ಪ್ರಶ್ನೆಗಳೇ. ಇಂಥಲ್ಲಿ ಕಂಪನಿಗೆ ಲಾಭವಾಗುವ ಅರ್ಥವನ್ನೇ ಹಿಡಿದು ಕ್ಲೈಮ್ ಬರೆಯುವ ಮೊದಲು, ಒಪ್ಪಂದ ಮಾಡಿದ ಖರೀದಿ ವಿಭಾಗದವರನ್ನು ಕೂರಿಸಿಕೊಂಡು ಕೇಳಿ. ಹಿಂದಿನ ವರ್ಷ ಹೇಗೆ ಲೆಕ್ಕ ಹಾಕಿದ್ದರು ಎಂಬುದು ಬಹಳ ಸಲ ಜಗಳವನ್ನೇ ತಪ್ಪಿಸುತ್ತದೆ.

ಸಾಗಣೆ ಬಿಲ್ಲುಗಳಲ್ಲಿ ಕೊರಿಯರ್‌ನವರು ನಿಜವಾದ ತೂಕ, ಗಾತ್ರದ ತೂಕ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ ಹಾಕುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ವಿಮಾನದ ಕೊರಿಯರ್‌ನಲ್ಲಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. 60, 40, 40ರ ಪೆಟ್ಟಿಗೆ 11 ಕಿಲೋ ತೂಗಿದರೂ ಬಿಲ್ ಆಗುವುದು 19.2 ಕಿಲೋ ಲೆಕ್ಕದಲ್ಲಿ. ಒಪ್ಪಂದದಲ್ಲಿ ಭಾಜಕ 6000 ಎಂದಿದ್ದು ಬಿಲ್ಲಿನಲ್ಲಿ 5000 ಹಾಕಿದ್ದರೆ ಅದೇ ಪೆಟ್ಟಿಗೆ 16 ಕಿಲೋ ಆಗಬೇಕಿತ್ತು. ಒಂದು ಪೆಟ್ಟಿಗೆಯಲ್ಲಿ ಚಿಲ್ಲರೆ, ವರ್ಷದ ಕೊನೆಗೆ ದೊಡ್ಡ ಮೊತ್ತ. ಬಾಡಿಗೆ ಏರಿಕೆ, ಗುತ್ತಿಗೆದಾರರಿಂದ ತಡೆಹಿಡಿದ ಹಣ, ಭದ್ರತಾ ಠೇವಣಿ, ಇವನ್ನೂ ಇದೇ ಕಣ್ಣಿನಿಂದ ನೋಡಬೇಕು.

ಎಕ್ಸೆಲ್ ಮಾಡುವ ಕಿತಾಪತಿ

ಡೇಟಾ ತೆರೆಯುವ ಮೊದಲ ಕ್ಷಣದಲ್ಲೇ ಕೆಲಸ ಕೆಡಬಹುದು. ಎಕ್ಸೆಲ್ ಹದಿನೈದು ಅಂಕಿಗಿಂತ ಉದ್ದದ ಸಂಖ್ಯೆಯಲ್ಲಿ ಕೊನೆಯ ಅಂಕಿಗಳನ್ನು ಸೊನ್ನೆ ಮಾಡಿಬಿಡುತ್ತದೆ. ಹದಿನಾರು ಅಂಕಿಯ ಬ್ಯಾಂಕ್ ಖಾತೆ ಸಂಖ್ಯೆಗಳು ಹೀಗೆ ಒಂದೇ ಆಗಿ ಕಂಡು ಇಲ್ಲದ ಜೋಡಿಗಳು ಹುಟ್ಟುತ್ತವೆ. ಮುಂದಿನ ಸೊನ್ನೆ ಮಾಯವಾಗುತ್ತದೆ. ‘3-12’ ಎಂಬ ಬಿಲ್ ಸಂಖ್ಯೆ ತಾರೀಕಾಗುತ್ತದೆ. ಫೈಲನ್ನು ನೇರ ಡಬಲ್ ಕ್ಲಿಕ್ ಮಾಡಿ ತೆರೆಯದೆ, ಪವರ್ ಕ್ವೆರಿಯಲ್ಲಿ ಆ ಕಾಲಂಗಳನ್ನು ‘ಟೆಕ್ಸ್ಟ್’ ಎಂದು ಗುರುತಿಸಿ ತರಬೇಕು. ಒಂದು ಹಾಳೆಗೆ 10,48,576 ಸಾಲಿನ ಮಿತಿ ಇದೆ. ದೊಡ್ಡ ಕಂಪನಿಯ ಎರಡು ವರ್ಷದ ಪಾವತಿ ಅದರಲ್ಲಿ ಹಿಡಿಯದೆ ಹೋಗಬಹುದು. ಸ್ವಲ್ಪ ಎಸ್‌ಕ್ಯೂಎಲ್ ಕಲಿಯಿರಿ ಎನ್ನುವುದು ಅದಕ್ಕೇ. ಡೇಟಾ ಬಂದ ಕೂಡಲೇ ಒಟ್ಟು ಮೊತ್ತವನ್ನು ಕಂಪನಿಯ ಲೆಡ್ಜರ್ ಮೊತ್ತದೊಂದಿಗೆ ತಾಳೆ ನೋಡಿ. ತಾಳೆಯಾಗದ ಡೇಟಾದ ಮೇಲೆ ತಿಂಗಳುಗಟ್ಟಲೆ ದುಡಿಯುವುದು ಮರಳಿನ ಮೇಲೆ ಮನೆ ಕಟ್ಟಿದಂತೆ.

ಕಡತದಲ್ಲಿ ಏನಿರಬೇಕು

ಜೋಡಿ ಸಿಕ್ಕಿತು ಎಂದುಕೊಳ್ಳಿ. ಈಗ ನಿಮ್ಮನ್ನು ನೀವೇ ಸುಳ್ಳೆಂದು ತೋರಿಸಲು ಪ್ರಯತ್ನಿಸಿ. ಎರಡನೆಯ ಎಂಟ್ರಿ ಆಮೇಲೆ ರಿವರ್ಸ್ ಆಗಿದೆಯೇ? ಬ್ಯಾಂಕ್ ಪಾವತಿ ವಾಪಸ್ ಬಂದು ಮತ್ತೆ ಕಳಿಸಿದ್ದೇ? ಅದು ಪ್ರತಿ ತಿಂಗಳ ಒಂದೇ ಮೊತ್ತದ ಬಾಡಿಗೆಯೇ? ಸರಬರಾಜುದಾರರು ಇದನ್ನು ಮುಂದಿನ ಬಿಲ್ಲಿನಲ್ಲಿ ಆಗಲೇ ಕಳೆದುಕೊಟ್ಟಿದ್ದಾರೆಯೇ? ಹೆಚ್ಚಿನ ‘ಜೋಡಿ’ಗಳು ಈ ನಾಲ್ಕು ಪ್ರಶ್ನೆಗಳಲ್ಲೇ ಸಾಯುತ್ತವೆ, ಸಾಯಲಿ.

ಉಳಿದದ್ದಕ್ಕೆ ಎರಡೂ ಬಿಲ್ಲಿನ ಪ್ರತಿ, ಎರಡೂ ಪಾವತಿಗೆ ಬ್ಯಾಂಕ್ ಕೊಡುವ ಯುಟಿಆರ್ ಸಂಖ್ಯೆ ಮತ್ತು ದಿನಾಂಕ, ಎರಡೂ ಹಣ ಅವರ ಖಾತೆಗೇ ಹೋದದ್ದರ ಬ್ಯಾಂಕ್ ಪುರಾವೆ, ಒಂದು ಪುಟದ ಲೆಕ್ಕ. ಅಷ್ಟು ಸಾಕು. ಓದುವ ಗುಮಾಸ್ತರಿಗೆ ಎರಡು ನಿಮಿಷದಲ್ಲಿ ಅರ್ಥವಾಗದಿದ್ದರೆ ಆ ಮೇಲ್ ಕೆಳಗೆ ಜಾರುತ್ತದೆ.

ಕಾನೂನಿನ ಬಲವೂ ಇದೆ. ತಪ್ಪಿನಿಂದ ಪಡೆದ ಹಣವನ್ನು ಹಿಂದಿರುಗಿಸಬೇಕೆಂದು 1872ರ ಭಾರತೀಯ ಕರಾರು ಕಾಯ್ದೆಯ 72ನೇ ಕಲಂ ಹೇಳುತ್ತದೆ. ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ; ತಪ್ಪಿನ ಪ್ರಕರಣದಲ್ಲಿ ಆ ಅವಧಿ ಶುರುವಾಗುವುದು ತಪ್ಪು ಗೊತ್ತಾದ, ಅಥವಾ ಸಾಧಾರಣ ಎಚ್ಚರ ವಹಿಸಿದ್ದರೆ ಗೊತ್ತಾಗಬಹುದಾಗಿದ್ದ ದಿನದಿಂದ. ಮೊದಲ ಪತ್ರದಲ್ಲೇ ಕಲಂ ಎತ್ತಬೇಡಿ. ಮೂರನೆಯ ಪತ್ರಕ್ಕೂ ಉತ್ತರ ಬಾರದಾಗ ಅದು ಬೇಕಾಗುತ್ತದೆ, ಆಗಲೂ ಕಂಪನಿಯ ವಕೀಲರ ಒಪ್ಪಿಗೆ ಪಡೆದು.

ಕೇಳದೆ ಕಡಿತ ಮಾಡಿದರೆ

ಕ್ಲೈಮ್ ಕಳಿಸುವ ಬದಲು ಮುಂದಿನ ಬಿಲ್ಲಿನಲ್ಲೇ ಹಣ ಹಿಡಿದುಬಿಡುವುದು ಸುಲಭ. ದೊಡ್ಡ ಕಂಪನಿಗಳಿಗೆ ಈ ಚಟ ಇದೆ, ನನಗೆ ಅದು ಸರಿ ಕಾಣುವುದಿಲ್ಲ. ಬ್ರಿಟನ್ನಿನಲ್ಲಿ ದೊಡ್ಡ ಸೂಪರ್‌ಮಾರ್ಕೆಟ್‌ಗಳು ಸರಬರಾಜುದಾರರೊಡನೆ ಹೇಗೆ ನಡೆದುಕೊಳ್ಳುತ್ತವೆ ಎಂದು ನೋಡಲು ಒಬ್ಬ ಅಧಿಕಾರಿ ಇದ್ದಾರೆ. 2016ರ ಜನವರಿಯಲ್ಲಿ ಆಗಿನ ಅಧಿಕಾರಿ ಕ್ರಿಸ್ಟೀನ್ ಟೇಕನ್, ಟೆಸ್ಕೊ ಸರಬರಾಜುದಾರರಿಗೆ ಕೊಡಬೇಕಾದ ಹಣವನ್ನು ತಡಮಾಡಿ ನಿಯಮ ಮುರಿದಿದೆ ಎಂದು ತೀರ್ಪಿತ್ತರು. ಕಡಿತ ಮಾಡುವ ಮುನ್ನ ಸರಬರಾಜುದಾರರಿಗೆ ಆಕ್ಷೇಪಿಸಲು 30 ದಿನ ಕೊಡಬೇಕು, ಆಕ್ಷೇಪಿಸಿದರೆ ಕಡಿತ ಮಾಡುವಂತಿಲ್ಲ ಎಂಬುದು ಅವರ ಶಿಫಾರಸುಗಳಲ್ಲಿ ಒಂದು. ನಮ್ಮಲ್ಲೂ ಸಣ್ಣ ಮತ್ತು ಅತಿ ಸಣ್ಣ ಉದ್ಯಮಗಳ ಹಣವನ್ನು ಒಪ್ಪಂದವಿದ್ದರೂ 45 ದಿನ ಮೀರಿ ಇಟ್ಟುಕೊಳ್ಳುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಸಾಬೀತಾಗದ ಕ್ಲೈಮ್‌ಗಾಗಿ ಇಂಥವರ ಬಿಲ್ಲು ಹಿಡಿದಿಟ್ಟರೆ ಕಂಪನಿಗೇ ದುಬಾರಿ.

ಕಮಿಷನ್ ಮೇಲೆ ನಡೆಯುವ ಸಂಸ್ಥೆಗಳಲ್ಲಿ ಒತ್ತಡ ಇನ್ನೂ ಹೆಚ್ಚು. ಹೆಚ್ಚು ಕ್ಲೈಮ್, ಹೆಚ್ಚು ಪಾಲು. ಅಮೆರಿಕದ ಸರ್ಕಾರ ಹಿರಿಯರ ಆರೋಗ್ಯ ವಿಮೆ ಮೆಡಿಕೇರ್‌ನಲ್ಲಿ ಇದೇ ಪದ್ಧತಿಯನ್ನು 2005ರಿಂದ 2008ರವರೆಗೆ ನ್ಯೂಯಾರ್ಕ್, ಫ್ಲಾರಿಡಾ, ಕ್ಯಾಲಿಫೋರ್ನಿಯಾಗಳಿಂದ ಶುರುಮಾಡಿ ಪ್ರಯೋಗಿಸಿ ನೋಡಿತು. ನೂರು ಕೋಟಿ ಡಾಲರ್‌ಗೂ ಮೀರಿದ ತಪ್ಪು ಪಾವತಿ ಸರಿಯಾಯಿತು. ಬಹುಪಾಲು ಹೆಚ್ಚಿಗೆ ಕೊಟ್ಟದ್ದು. ಕಾಯಂ ಆದ ಯೋಜನೆಯಲ್ಲಿ ಎರಡು ನಿಯಮಗಳಿವೆ: ಮೇಲ್ಮನವಿಯಲ್ಲಿ ಕ್ಲೈಮ್ ಬಿದ್ದುಹೋದರೆ ಕಮಿಷನ್ ವಾಪಸ್ ಕೊಡಬೇಕು, ಆಸ್ಪತ್ರೆಗೆ ಕಡಿಮೆ ಕೊಟ್ಟದ್ದನ್ನು ಪತ್ತೆ ಹಚ್ಚಿದರೂ ಕಮಿಷನ್ ಉಂಟು. ಸಂದರ್ಶನಕ್ಕೆ ಹೋದಾಗ ಆ ಸಂಸ್ಥೆಯಲ್ಲಿ ಬಿದ್ದುಹೋದ ಕ್ಲೈಮ್‌ಗಳನ್ನು ಹೇಗೆ ಲೆಕ್ಕ ಹಿಡಿಯುತ್ತಾರೆ ಎಂದು ಕೇಳಿ. ಉತ್ತರದಿಂದ ಅಲ್ಲಿನ ವಾತಾವರಣ ಗೊತ್ತಾಗುತ್ತದೆ.

ಸೇರಲು ಏನು ಬೇಕು

ಬಿ.ಕಾಂ., ಬಿಬಿಎ, ಎಂ.ಕಾಂ. ಯಾವುದಾದರೂ ಸರಿ, ಸಿಎ ಅಥವಾ ಸಿಎಂಎ ಅರ್ಧಕ್ಕೆ ನಿಲ್ಲಿಸಿದವರಿಗೂ ಇಲ್ಲಿ ಬೆಲೆ ಇದೆ. ಎರಡು ವರ್ಷ ಬಿಲ್ ಪಾವತಿ ವಿಭಾಗದಲ್ಲಿ ದುಡಿದವರು ನೇರ ಕಾಲೇಜಿನಿಂದ ಬಂದವರಿಗಿಂತ ಬೇಗ ಹಿಡಿಯುತ್ತಾರೆ, ಏಕೆಂದರೆ ತಪ್ಪು ಎಲ್ಲಿ ಆಗುತ್ತದೆ ಎಂದು ಅವರಿಗೆ ಗೊತ್ತು. ಸ್ಯಾಪ್‌ನಲ್ಲಿ ವೆಂಡರ್ ಲೆಡ್ಜರ್ ತೆಗೆಯಲು, ಖರೀದಿ ಆದೇಶದ ಇತಿಹಾಸ ನೋಡಲು ಬಂದರೆ ಮೊದಲ ತಿಂಗಳು ಹಗುರ. ಅಮೆರಿಕದ ಗ್ರಾಹಕರಾದರೆ ಸಂಜೆಯ ಪಾಳಿ ಇರಬಹುದು. ಇಂಗ್ಲಿಷ್ ಬೇಕು, ಆದರೆ ಅಲಂಕಾರದ ಇಂಗ್ಲಿಷ್ ಬೇಡ. ಆರೇಳು ಸಾಲಿನಲ್ಲಿ ಲೆಕ್ಕ ಹೇಳಿ ಮುಗಿಸಲು ಬರಬೇಕು.

ಈ ಕೆಲಸದಲ್ಲಿ ಬೆಳೆಯುವವರು ಪ್ರತಿ ವಸೂಲಿಯ ಜೊತೆಗೆ ಅದು ಏಕೆ ಆಯಿತು ಎಂದು ಎರಡು ಸಾಲು ಬರೆದಿಡುತ್ತಾರೆ: ವೆಂಡರ್ ಕೋಡ್ ಎರಡಿತ್ತು, ಟಿಕ್ ತೆಗೆದಿತ್ತು, ರಿಯಾಯಿತಿಯ ವಿಷಯ ಅಕೌಂಟ್ಸ್‌ಗೆ ಯಾರೂ ಹೇಳಿರಲಿಲ್ಲ. ಆ ಟಿಪ್ಪಣಿ ಹಣಕಾಸು ಮುಖ್ಯಸ್ಥರ ಮೇಜಿಗೆ ಹೋಗುತ್ತದೆ. ಮುಂದೆ ಒಳ ಲೆಕ್ಕಪರಿಶೋಧನೆ, ಖರೀದಿ ನಿಯಂತ್ರಣದಂಥ ವಿಭಾಗಗಳಿಗೆ ದಾರಿ ತೆರೆಯುವುದು ಅಲ್ಲಿಂದಲೇ.

ಕೆಲಸಕ್ಕೆ ಸೇರಿದವರು ಒಂದು ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಎರಡು ಸಲ ಕೊಟ್ಟ ಹಣಕ್ಕೆ ಕ್ರೆಡಿಟ್ ನೋಟ್ ಬೇಕಿಲ್ಲ, ಹಣ ವಾಪಸ್ ಬಂದರೆ ಅಥವಾ ಮುಂದಿನ ಬಿಲ್ಲಿಗೆ ಹೊಂದಿದರೆ ಸಾಕು. ಆದರೆ ಹೆಚ್ಚು ದರ ಹಾಕಿದ, ವಾಪಸ್ ಕಳಿಸಿದ ಸರಕಿನ ಕ್ಲೈಮ್‌ಗೆ ಜಿಎಸ್‌ಟಿ ಸಹಿತ ಕ್ರೆಡಿಟ್ ನೋಟ್ ಬೇಕು. ಮಾರ್ಚ್‌ಗೆ ಮುಗಿದ ವರ್ಷದ ಬಿಲ್ಲಿಗೆ ಸರಬರಾಜುದಾರರು ಅದರ ತೆರಿಗೆಯನ್ನು ತಮ್ಮ ಲೆಕ್ಕದಲ್ಲಿ ಇಳಿಸಿಕೊಳ್ಳಲು ನವೆಂಬರ್ 30, ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಯಾವುದು ಮೊದಲೋ ಅದೇ ಕೊನೆ. ಅಂಥ ಕ್ಲೈಮ್‌ಗಳನ್ನು ಆಗಸ್ಟ್‌ನೊಳಗೆ ಕಳಿಸಿಬಿಡಿ.